ಕೈ ಎಣಿಸುವುದನ್ನು ಬಿಟ್ಟ ಮೇಲೆ

ಸುವಾರ್ತಾ ಸೇವೆಗೆ, ಅಂದರೆ ಯೇಸುವಿನ ಸಂದೇಶ ಸಾರುವ ಕೆಲಸಕ್ಕೆ, ಇಳಿದ ಹೊಸದರಲ್ಲಿ ನನ್ನ ಗಮನವೆಲ್ಲ ಪ್ರಾರ್ಥನಾ ಕೂಟದ ಕೊನೆಯ ಹತ್ತು ನಿಮಿಷದ ಮೇಲೇ ಇರುತ್ತಿತ್ತು. ಹಾಡು ಮೆಲ್ಲಗೆ ನಡೆಯುತ್ತಿರುತ್ತದೆ, ಎಲ್ಲರೂ ಕಣ್ಣು ಮುಚ್ಚಿರುತ್ತಾರೆ. 'ಯೇಸುವನ್ನು ನಂಬುವವರು ಕೈ ಎತ್ತಿ' ಅನ್ನುತ್ತಿದ್ದೆ. ಯಾರೂ ಎತ್ತದಿದ್ದರೆ ಇನ್ನೊಂದು ಚರಣ ಹಾಡಿಸುತ್ತಿದ್ದೆ. ಆಮೇಲೆ ಮತ್ತೊಂದು. ಎತ್ತಿದ ಕೈಗಳನ್ನು ಎಣಿಸಿ ವರದಿಗೆ ಬರೆಯುತ್ತಿದ್ದೆ. ಅದೇ ಮನುಷ್ಯ ಹೋದ ತಿಂಗಳೂ ಕೈ ಎತ್ತಿದ್ದ ಅಂತ ಗೊತ್ತಿದ್ದರೂ ಲೆಕ್ಕಕ್ಕೆ ಸೇರಿಸುತ್ತಿದ್ದೆ. ಆಗ ಅದು ಸುಳ್ಳು ಅನ್ನಿಸಿರಲಿಲ್ಲ.

ಒಂದು ತರಬೇತಿಯಲ್ಲಿ ಲೋಸಾನ್ ಒಡಂಬಡಿಕೆ ಓದಿಸಿದರು. 1974ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ, ಅಮೆರಿಕದ ಸುವಾರ್ತಾ ಪ್ರಚಾರಕ ಬಿಲ್ಲಿ ಗ್ರಹಾಂ ಮುಂದಾಗಿ ಕರೆದ ಕ್ರೈಸ್ತ ಸಮ್ಮೇಳನದ ಹೇಳಿಕೆ ಅದು. ಕರಡು ಸಮಿತಿಯ ಮುಂದಾಳು ಇಂಗ್ಲೆಂಡಿನ ಪಾದ್ರಿ ಜಾನ್ ಸ್ಟಾಟ್. ಅದರ 15 ಭಾಗಗಳಲ್ಲಿ ಜನ ಜಾಸ್ತಿ ಮಾತಾಡುವುದು ಐದನೆಯದರ ಬಗ್ಗೆ: ಸುವಾರ್ತೆ ಸಾರುವುದೂ ಸಮಾಜದ ಕೆಲಸವೂ ಎರಡೂ ನಮ್ಮ ಕರ್ತವ್ಯ ಅನ್ನುವ ಭಾಗ. ನನಗೆ ಚುಚ್ಚಿದ್ದು ಹನ್ನೆರಡನೆಯದು. ಫಲ ಕಾಣುವ ಆಸೆಯಲ್ಲಿ ಕೇಳುಗರ ಮೇಲೆ ಒತ್ತಡ ಹಾಕಿದ್ದೇವೆ, ಅಂಕಿಸಂಖ್ಯೆಯ ಹಿಂದೆ ಬಿದ್ದಿದ್ದೇವೆ, ಅದರಲ್ಲಿ ಅಪ್ರಾಮಾಣಿಕರೂ ಆಗಿದ್ದೇವೆ ಅಂತ ಅಲ್ಲಿ ಒಪ್ಪಿಕೊಂಡಿದ್ದಾರೆ. ನನ್ನ ವರದಿ ನೋಡಿಯೇ ಬರೆದ ಹಾಗಿತ್ತು.

ನಾಲ್ಕನೆಯ ಭಾಗದಲ್ಲಿ ಇನ್ನೊಂದು ಮಾತಿದೆ. ಎದುರಿನವರನ್ನು ಅರ್ಥ ಮಾಡಿಕೊಳ್ಳಲೆಂದೇ ಕಿವಿಗೊಡುವ ಸಂವಾದ ಸುವಾರ್ತೆ ಸಾರುವವರಿಗೆ ಬೇಕೇ ಬೇಕು. ಸುಲಭ ಅಂದುಕೊಂಡೆ. ನಿವೃತ್ತ ಮೇಷ್ಟ್ರೊಬ್ಬರ ಮನೆಗೆ ಹೋಗಿ ಸುಮ್ನೆ ಕೂತು ಕೇಳತೊಡಗಿದೆ. ಮೂರನೇ ಸಲ ಅವರೇ ನಕ್ಕು ಕೇಳಿದರು: "ನಾನು ಮಾತಾಡುವಾಗ ನೀವು ಮುಂದೆ ಏನು ಹೇಳಬೇಕು ಅಂತ ಹುಡುಕ್ತಾ ಇರ್ತೀರಿ, ಅಲ್ವಾ?" ನಿಜವೇ. ಅವರ ದುಃಖದ ನಡುವೆ ನಾನು ಬೈಬಲ್ ವಚನ ತೂರಿಸಲು ಸಂದು ಹುಡುಕುತ್ತಿದ್ದೆ.

ಈಗ ಮೊದಲ ಭೇಟಿಗಳಲ್ಲಿ ಬೈಬಲ್ ಬ್ಯಾಗಿನಲ್ಲೇ ಇರುತ್ತದೆ. ನಾನು ಯಾರು, ಏನು ನಂಬುತ್ತೇನೆ ಅನ್ನುವುದನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ; ಗೆಳೆತನದ ವೇಷ ಹಾಕಿ ಆಮೇಲೆ ಬಣ್ಣ ಬದಲಿಸುವುದು ಮೋಸ. ಯಾರಿಗಾದರೂ ಸಹಾಯ ಮಾಡಿದರೆ ಕೂಟಕ್ಕೆ ಬನ್ನಿ ಅನ್ನುವ ಷರತ್ತಿಲ್ಲ, ಫೋಟೋ ಇಲ್ಲ. ಹಾಗಂತ ಸೇವೆ ಮಾಡಿದರೆ ಸಾಕು, ಬಾಯಿ ಬಿಡಬೇಕಿಲ್ಲ ಅನ್ನುವವರ ಜೊತೆ ನಾನಿಲ್ಲ. ಶಿಲುಬೆ, ಪುನರುತ್ಥಾನದ ಮಾತು ಯಾರಾದರೂ ಹೇಳದೆ ಹೇಗೆ ಗೊತ್ತಾಗಬೇಕು?

ಮೇಷ್ಟ್ರು ಇವತ್ತಿಗೂ ನಂಬಿಲ್ಲ. ಹೋದ ವಾರ ಬೈಬಲಿನ ಲೂಕನ ಸುವಾರ್ತೆಯ ಪುಸ್ತಕವನ್ನು ತಾವೇ ಕೇಳಿ ಇಸಿದುಕೊಂಡರು, ಅಂಚಿನಲ್ಲೆಲ್ಲ ಪ್ರಶ್ನೆ ಗೀಚಿದ್ದಾರೆ. ವರದಿಯ ಫಾರಂನಲ್ಲಿ ಸಂಖ್ಯೆಯ ಕಾಲಂ ಇನ್ನೂ ಇದೆ. ಖಾಲಿ ಬಿಟ್ಟು ಕಳಿಸುತ್ತೇನೆ, ಪ್ರತಿ ತಿಂಗಳೂ ಫೋನ್ ಬರುತ್ತದೆ.