ಆಸ್ಪತ್ರೆಯಿಂದ ನಿಮ್ಮ ಕೇಸ್ ಶೀಟ್ ಪಡೆಯುವುದು ಹೇಗೆ?

ಅಪ್ಪನ ಹೃದಯದ ಆಪರೇಷನ್ ಆಗಿ ಐದು ತಿಂಗಳಾಗಿತ್ತು. ಮತ್ತೆ ಉಸಿರಾಟದ ತೊಂದರೆ ಶುರುವಾಗಿ ಇನ್ನೊಬ್ಬ ಡಾಕ್ಟರಿಗೆ ತೋರಿಸಿದೆವು. "ಆಪರೇಷನ್ ನೋಟ್ಸ್ ಇಲ್ಲದೆ ಏನೂ ಹೇಳೋಕಾಗಲ್ಲ, ತನ್ನಿ" ಎಂದರು. ಹಳೆಯ ಆಸ್ಪತ್ರೆಗೆ ಹೋದೆ. ರಿಸೆಪ್ಷನ್‌ನವರು ಬಿಲ್ಲಿಂಗ್‌ಗೆ ಕಳಿಸಿದರು. ಬಿಲ್ಲಿಂಗ್‌ನವರು ಡಾಕ್ಟರ ಸಹಿ ಬೇಕು ಎಂದರು. ಡಾಕ್ಟರು ರಜೆಯಲ್ಲಿದ್ದರು. ನಾಲ್ಕನೇ ಸಲ ಹೋದಾಗ 'ರೆಕಾರ್ಡ್ ಚಾರ್ಜ್' ಎಂದು ಎರಡು ಸಾವಿರ ರೂಪಾಯಿ ಕಟ್ಟಿಸಿಕೊಂಡರು. ಕೈಗೆ ಬಂದದ್ದು ನಲವತ್ತು ಪುಟ ಜೆರಾಕ್ಸ್. ಮನೆಯಲ್ಲಿ ಅಪ್ಪ ಏದುಸಿರು ಬಿಡುತ್ತಿರುವಾಗ ಕೌಂಟರಿನಲ್ಲಿ ಚೌಕಾಸಿ ಮಾಡಲು ಯಾರಿಗೆ ಮನಸ್ಸು ಬರುತ್ತದೆ?

ಆ ನಾಲ್ಕು ಸಲವೂ ನಾನು ಬಾಯಲ್ಲೇ ಕೇಳಿದ್ದೆ. ಬರೆದು ಕೊಟ್ಟಿದ್ದರೆ ಕಥೆ ಬೇರೆಯಾಗುತ್ತಿತ್ತು ಎಂದು ತಿಳಿದದ್ದು ಆಮೇಲೆ.

ಮೊದಲು ನಿಯಮ ತಿಳಿದುಕೊಳ್ಳಿ

ವೈದ್ಯರ ವೃತ್ತಿ ನಡವಳಿಕೆ ಬಗ್ಗೆ ಭಾರತೀಯ ವೈದ್ಯಕೀಯ ಮಂಡಳಿ 2002ರಲ್ಲಿ ಮಾಡಿದ ನಿಯಮಗಳಿವೆ. ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಟ್ಟುಕೊಳ್ಳಬೇಕು. ರೋಗಿ ಅಥವಾ ಅವರು ಒಪ್ಪಿಗೆ ಕೊಟ್ಟವರು ಕೇಳಿದರೆ, ಅರ್ಜಿ ಬಂದಿದೆ ಎಂದು ಸ್ವೀಕೃತಿ ಕೊಟ್ಟು, 72 ಗಂಟೆಯೊಳಗೆ ದಾಖಲೆ ಕೊಡಬೇಕು. ಕೊಡದಿದ್ದರೆ ಅದು ವೈದ್ಯರ ದುರ್ನಡತೆ. 'ಈಗ ಹೊಸ ರೂಲ್ಸ್ ಬಂದಿದೆ' ಎಂದು ಯಾರಾದರೂ ಹೇಳಬಹುದು. 2023ರ ಆಗಸ್ಟ್‌ನಲ್ಲಿ ಹೊಸ ನಿಯಮ ಹೊರಬಂದದ್ದು ನಿಜ. ಅದೇ ತಿಂಗಳು ಅದನ್ನು ತಡೆಹಿಡಿದು, 2002ರದ್ದನ್ನೇ ಮುಂದುವರಿಸಿದರು.

ಮೂರು ವರ್ಷ ಎಂಬುದನ್ನು ಮರೆಯಬೇಡಿ. 'ಆಮೇಲೆ ನೋಡೋಣ' ಎಂದು ಬಿಟ್ಟರೆ ಕಾಗದವೇ ಇಲ್ಲದಿರಬಹುದು.

ಪತ್ರ ಬರೆಯಿರಿ, ಸೀಲ್ ಹಾಕಿಸಿಕೊಳ್ಳಿ

ಅರ್ಧ ಪುಟ ಸಾಕು, ಕನ್ನಡದಲ್ಲೇ ಬರೆಯಬಹುದು. ಆಸ್ಪತ್ರೆಯ ವೈದ್ಯಕೀಯ ಅಧೀಕ್ಷಕರಿಗೆ ಎಂದು ಶುರು ಮಾಡಿ. ರೋಗಿಯ ಹೆಸರು, ಐಪಿ ನಂಬರ್ (ಒಳರೋಗಿ ಸಂಖ್ಯೆ), ದಾಖಲಾದ ಮತ್ತು ಬಿಡುಗಡೆಯಾದ ದಿನ ಹಾಕಿ. ಸುಮ್ನೆ 'ದಾಖಲೆ ಕೊಡಿ' ಎಂದು ಬರೆದರೆ ಡಿಸ್ಚಾರ್ಜ್ ಸಮ್ಮರಿಯ ಇನ್ನೊಂದು ಪ್ರತಿ ಕೊಟ್ಟು ಕಳಿಸುತ್ತಾರೆ. ಬೇಕಾದದ್ದನ್ನು ಹೆಸರಿಸಿ: ಪೂರ್ತಿ ಕೇಸ್ ಶೀಟ್, ಆಪರೇಷನ್ ಮತ್ತು ಅರಿವಳಿಕೆ ನೋಟ್ಸ್, ನರ್ಸ್‌ಗಳ ಚಾರ್ಟ್, ಲ್ಯಾಬ್ ವರದಿ, ಸ್ಕ್ಯಾನಿನ ಸಿಡಿ. ಕೊನೆಗೆ, '2002ರ ನಿಯಮ 1.3.2ರ ಪ್ರಕಾರ 72 ಗಂಟೆಯೊಳಗೆ ಕೊಡಿ' ಎಂಬ ಒಂದು ಸಾಲು.

ಎರಡು ಪ್ರತಿ ಒಯ್ಯಿರಿ. ಒಂದನ್ನು ಎಂಆರ್‌ಡಿ, ಅಂದರೆ ದಾಖಲೆ ವಿಭಾಗಕ್ಕೆ ಕೊಡಿ. ಇನ್ನೊಂದರ ಮೇಲೆ ಸೀಲ್, ಸಹಿ, ದಿನಾಂಕ, ಸಮಯ ಹಾಕಿಸಿಕೊಳ್ಳಿ. ಹಾಕಲ್ಲ ಎಂದರೆ ಜಗಳ ಬೇಡ. ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ. ಆಸ್ಪತ್ರೆಯ ಇಮೇಲ್‌ಗೂ ಕಳಿಸಿ.

ರೋಗಿಯೇ ಬರಲಾಗದಿದ್ದರೆ ಅವರ ಸಹಿ ಇರುವ ಒಪ್ಪಿಗೆ ಪತ್ರ, ಇಬ್ಬರ ಗುರುತಿನ ಚೀಟಿ ಜೊತೆಗಿರಲಿ. ರೋಗಿ ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ ಮತ್ತು ಸಂಬಂಧ ತೋರಿಸುವ ದಾಖಲೆ ಬೇಕಾಗುತ್ತದೆ.

ಹಣ ಕೇಳಿದರೆ

2002ರ ನಿಯಮದಲ್ಲಿ ಶುಲ್ಕದ ಮಾತೇ ಇಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದು ಒಂದು ದಾರಿ ಹೇಳುತ್ತದೆ. ಜೆರಾಕ್ಸಿಗೆ ತಕ್ಕ ಹಣ ಪಡೆಯಬಹುದು, ಇಲ್ಲವೇ ರೋಗಿಯ ಕಡೆಯವರು ತಮ್ಮ ಖರ್ಚಿನಲ್ಲೇ ಜೆರಾಕ್ಸ್ ಮಾಡಿಸಿಕೊಳ್ಳಲು ಬಿಡಬೇಕು. ಈ ಎರಡನೆಯ ಮಾತು ತುಂಬಾ ಉಪಯೋಗದ್ದು. "ನಿಮ್ಮ ಸಿಬ್ಬಂದಿ ಜೊತೆಗೇ ಬರಲಿ, ಪಕ್ಕದ ಅಂಗಡಿಯಲ್ಲಿ ನಾವೇ ಮಾಡಿಸುತ್ತೇವೆ" ಎಂದು ಸಮಾಧಾನವಾಗಿ ಹೇಳಿ. ಆದರೂ ದೊಡ್ಡ ಮೊತ್ತ ಕೇಳಿದರೆ, ಪುಟಕ್ಕೆ ಎಷ್ಟು ಎಂದು ಬರೆದ ರಸೀದಿ ಕೊಡಿ ಎನ್ನಿ. ರಸೀದಿ ಇಲ್ಲದೆ ಒಂದು ಪೈಸೆಯನ್ನೂ ಕೊಡಬೇಡಿ. ಕಾಯಿಲೆಯ ಮನೆಯವರ ಅವಸರವನ್ನು ಹಣ ಮಾಡಿಕೊಳ್ಳುವುದು ಅನ್ಯಾಯ, ಅಲ್ವಾ?

ಸರ್ಕಾರಿ ಆಸ್ಪತ್ರೆಯಾದರೆ ಮಾಹಿತಿ ಹಕ್ಕಿನ ದಾರಿಯೂ ಇದೆ. ಕರ್ನಾಟಕದಲ್ಲಿ ಅರ್ಜಿಗೆ 10 ರೂಪಾಯಿ, ಪುಟಕ್ಕೆ 2 ರೂಪಾಯಿ. ಬಿಪಿಎಲ್ ಕುಟುಂಬಕ್ಕೆ ಅರ್ಜಿ ಶುಲ್ಕವಿಲ್ಲ. 30 ದಿನದೊಳಗೆ ಕೊಡದಿದ್ದರೆ ಆಮೇಲೆ ಉಚಿತವಾಗಿ ಕೊಡಬೇಕು. ತುರ್ತಿದ್ದರೆ ಇದನ್ನೇ ನಂಬಿ ಕೂರಬೇಡಿ, 72 ಗಂಟೆಯ ಪತ್ರವನ್ನೂ ಕೊಡಿ.

ಕೊಡದೇ ಹೋದರೆ

ವೈದ್ಯರ ಮೇಲಿನ ದೂರು ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ. ಖಾಸಗಿ ಆಸ್ಪತ್ರೆಯ ಮೇಲಿನ ದೂರು, ಕೆಪಿಎಂಇ, ಅಂದರೆ ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯಲ್ಲಿರುವ ಜಿಲ್ಲಾ ಪ್ರಾಧಿಕಾರಕ್ಕೆ. ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದು. ಎಲ್ಲಿ ಹೋದರೂ ಮೊದಲು ಕೇಳುವುದು ಆ ಸೀಲ್ ಬಿದ್ದ ಪ್ರತಿಯನ್ನೇ.

ದಾಖಲೆ ಕೈಗೆ ಬಂದ ಕೂಡಲೇ ಮನೆಗೆ ಓಡಬೇಡಿ. ಅಲ್ಲೇ ಕೂತು ಪುಟ ಎಣಿಸಿ. ಪ್ರತಿ ಪುಟಕ್ಕೂ ಆಸ್ಪತ್ರೆಯ ಸೀಲ್ ಇದೆಯೇ ನೋಡಿ. ವಿಮೆಗೆ ಮೂಲ ಪ್ರತಿ ಕೊಡುವುದಿದ್ದರೆ ಮೊದಲೇ ಒಂದು ಸೆಟ್ ತೆಗೆದಿಡಿ.

ನಾನು ಎರಡು ಸಾವಿರ ಕೊಟ್ಟು ತಂದ ಕಟ್ಟಿನಲ್ಲಿ ಆಪರೇಷನ್ ನೋಟ್ಸೇ ಇರಲಿಲ್ಲ. ಐದನೇ ಸಲ ಪತ್ರ ಹಿಡಿದು ಹೋದೆ. ಮಾರನೇ ದಿನ ಸಂಜೆ ಅವರೇ ಫೋನ್ ಮಾಡಿ, ಬಂದು ತಗೊಂಡು ಹೋಗಿ ಎಂದರು.