ಮೆಸ್ ಬಿಲ್ ಇಳಿಸಿದ ಬಿಲ್ಲೆಗಳು: ನನ್ನ ಅನುಭವ

"ಡಿವೈಡಿಂಗ್ ಮೆಸ್ಸಿನ ಬಿಲ್ಲಿಗೆ ಏರೋದು ಗೊತ್ತು, ಇಳಿಯೋದು ಗೊತ್ತಿಲ್ಲ ಕಣೋ." ನಾನು ಹಾಸ್ಟೆಲಿನ ಮೆಸ್ ಸೆಕ್ರೆಟರಿ ಆದ ದಿನ ಒಬ್ಬ ಸೀನಿಯರ್ ಹೇಳಿದ ಮಾತು. ಡಿವೈಡಿಂಗ್ ಮೆಸ್ ಅಂದರೆ ತಿಂಗಳ ಖರ್ಚನ್ನೆಲ್ಲ ಉಣ್ಣುವ ಹುಡುಗರೇ ಹಂಚಿಕೊಂಡು ಕೊಡುವ ಮೆಸ್. 2018ರ ಆಗಸ್ಟ್‌ನಲ್ಲಿ ನಮ್ಮ ಬಿಲ್ ತಲೆಗೆ 2,640 ರೂಪಾಯಿ ಇತ್ತು. 2019ರ ಮಾರ್ಚ್‌ನಲ್ಲಿ ಸರಾಸರಿ 2,080ಕ್ಕೆ ಬಂತು. ಊಟ ಕಡಿಮೆ ಮಾಡಲಿಲ್ಲ, ಮೊಸರಿಗೆ ನೀರು ಹಾಕಲಿಲ್ಲ. ವಾರಕ್ಕೆ ಎರಡು ದಿನ ಮುದ್ದೆ, ಒಂದು ದಿನ ಜೋಳದ ರೊಟ್ಟಿ ಹೊಸದಾಗಿ ಸೇರಿದವು. ಆಮೇಲೆ ಬೇರೆ ಹಾಸ್ಟೆಲ್‌ಗಳ ಮೂರು ಜನ ಸೆಕ್ರೆಟರಿಗಳು ಬಂದು ನಮ್ಮ ನೋಟ್‌ಬುಕ್ಕನ್ನು ಫೋಟೊ ಹೊಡೆದುಕೊಂಡು ಹೋದರು. ಇನ್ನೂ ಕೆಲವರು ಫೋನ್ ಮಾಡಿ ಕೇಳುತ್ತಾರೆ. ಅದಕ್ಕೇ ಒಮ್ಮೆ ಪೂರ್ತಿ ಬರೆದುಬಿಡೋಣ ಅನ್ನಿಸಿತು.

ನಾವಿದ್ದದ್ದು ಮೈಸೂರು ವಿಶ್ವವಿದ್ಯಾನಿಲಯದ ಕ್ಯಾಂಪಸ್ ಮಾನಸಗಂಗೋತ್ರಿಯಲ್ಲಿ. ಹಾಸ್ಟೆಲ್ ಹೆಸರು ಬೇಡ. ಸುಮಾರು 210 ಜನ, ಎಲ್ಲ ಪಿಜಿ (ಸ್ನಾತಕೋತ್ತರ) ಹುಡುಗರು, ಹತ್ತಿಪ್ಪತ್ತು ಜನ ರಿಸರ್ಚ್ ಮಾಡುವವರು. ಬೀದರ್‌ನಿಂದ ಚಾಮರಾಜನಗರದವರೆಗೆ ಎಲ್ಲ ಕಡೆಯವರೂ ಇದ್ದರು. ನನ್ನದು ಎಂ.ಎ. ಅರ್ಥಶಾಸ್ತ್ರ. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಒಂದು ಸುತ್ತು, ಕ್ಲಾಸು, ರೌಂಡ್ ಕ್ಯಾಂಟೀನಿನಲ್ಲಿ ಟೀ, ಸಂಜೆ ಲೈಬ್ರರಿ. ಕ್ಯಾಂಪಸ್ ಜೀವನ ಅಂದರೆ ಜನ ಇಷ್ಟನ್ನೇ ಹೇಳುತ್ತಾರೆ. ನನ್ನನ್ನು ಕೇಳಿದರೆ ಅದರ ಅರ್ಧ ಭಾಗ ಮೆಸ್ಸಿನಲ್ಲಿ ಇರುತ್ತೆ. ತಿಂಗಳ ಕೊನೆಗೆ ಬಿಲ್ ಅಂಟಿಸಿದಾಗ ಹುಡುಗರ ಮುಖ ನೋಡಿದವರಿಗೆ ಇದು ಗೊತ್ತು.

ಮೊದಲ ತಿಂಗಳು ನಾನೂ ಎಲ್ಲರ ಹಾಗೆ ಖರೀದಿಯ ಹಿಂದೆ ಬಿದ್ದೆ. ಬಂಡಿಪಾಳ್ಯದ ಎಪಿಎಂಸಿಗೆ ಹೋಗಿ ಕೆ.ಜಿ.ಗೆ 4 ರೂಪಾಯಿ ಕಮ್ಮಿ ಬೆಲೆಗೆ ಸೋನಾ ಮಸೂರಿ ಹಿಡಿದೆ. 25 ಕೆ.ಜಿ.ಯ ಮೂಟೆ, ಮೂವತ್ತೋ ಮೂವತ್ತೆರಡೋ ತಂದೆ. ಹೊಸ ಅಕ್ಕಿ ಅದು. ಅನ್ನ ಅಂಟಂಟು. ಹಳೇ ಅಕ್ಕಿ ನೀರು ಕುಡಿದು ಉಬ್ಬುತ್ತೆ, ಹೊಸದು ಉಬ್ಬೋದಿಲ್ಲ. ಅಷ್ಟೇ ಜನಕ್ಕೆ ದಿನಾ ಐದಾರು ಕೆ.ಜಿ. ಜಾಸ್ತಿ ಸುರಿಯಬೇಕಾಯಿತು. ತಟ್ಟೆಯಲ್ಲಿ ಬಿಡುವುದೂ ಹೆಚ್ಚಾಯಿತು. ಕೆ.ಜಿ.ಯಲ್ಲಿ ಉಳಿಸಿದ್ದೆಲ್ಲ ಹಂಡೆಯಲ್ಲಿ ಹೋಯಿತು. ಅದೇ ತಿಂಗಳು ತೊಗರಿಬೇಳೆ ಮೂಟೆಯಲ್ಲಿ ಎರಡು ಕೆ.ಜಿ. ಕಡಿಮೆ ಬಂದದ್ದು ಸಿಕ್ಕಿತು. ಅಂಗಡಿಯವನು ಯಾರು ಅಂತ ಇಲ್ಲಿ ಹೇಳುವುದಿಲ್ಲ. ಮಾರನೇ ದಿನವೇ 3,200 ಕೊಟ್ಟು ನಮ್ಮದೇ ತೂಕದ ಮೆಷಿನ್ ತಂದೆ. ಮೆಸ್ ನಡೆಸುವವರು ಮೊದಲು ಕೊಳ್ಳಬೇಕಾದ್ದು ಇದೇ.

ಸೆಪ್ಟೆಂಬರ್ ಬಿಲ್ 2,610. ಅಷ್ಟು ಓಡಾಡಿ ಉಳಿಸಿದ್ದು ಮೂವತ್ತು ರೂಪಾಯಿ.

ಮೆಷಿನ್ ಬಂದ ಮೇಲೆ ಸುಮ್ನೆ ಕುತೂಹಲಕ್ಕೆ ಮುಸುರೆ ಬಕೆಟ್ಟುಗಳನ್ನು ತೂಗಿದೆ. ಒಂದು ವಾರ ತೂಗಿದೆ. ದಿನಕ್ಕೆ 58, 60, ಶನಿವಾರ 75 ಕೆ.ಜಿ. ಅದರಲ್ಲಿ ತಟ್ಟೆಯಲ್ಲಿ ಬಿಟ್ಟದ್ದು ಕಮ್ಮಿ. ಬಹುಪಾಲು ಯಾರೂ ಮುಟ್ಟದೆ ಹಂಡೆಯಲ್ಲೇ ಉಳಿದ ಅನ್ನ, ಸಾರು. ನಮ್ಮ ಮೆಸ್ಸಿನಲ್ಲಿ ಯಾರಿಗೂ ಎಷ್ಟು ಜನ ಉಣ್ಣುತ್ತಾರೆ ಅಂತ ಗೊತ್ತಿರಲಿಲ್ಲ. ನಾಲ್ಕು ದಿನ ಒಟ್ಟಿಗೆ ಊರಿಗೆ ಹೋದರೆ, ಅದೂ ಮೊದಲೇ ಅರ್ಜಿ ಕೊಟ್ಟರೆ ಮಾತ್ರ ಮೆಸ್ ಕಟ್, ಅಂದರೆ ಆ ದಿನಗಳ ದುಡ್ಡು ಬಿಲ್ಲಿನಲ್ಲಿ ಕಳೆಯುತ್ತಿದ್ದರು. ಶನಿವಾರ ಮಧ್ಯಾಹ್ನ ಮಂಡ್ಯ, ಹಾಸನ, ನಂಜನಗೂಡಿನವರು ಬಸ್ ಹತ್ತಿಬಿಡುತ್ತಿದ್ದರು. ಅಡುಗೆ 210 ಜನಕ್ಕೇ ಆಗುತ್ತಿತ್ತು.

ಎಣಿಸಿ ಅಡುಗೆ ಮಾಡೋಣ ಅಂದಾಗ ಅಡುಗೆ ಭಟ್ಟರಿಗೆ ಬೇಜಾರಾಯಿತು. "ಇಪ್ಪತ್ತೆರಡು ವರ್ಷದಿಂದ ಇಲ್ಲಿ ಅಕ್ಕಿ ಸುರೀತಿದ್ದೀನಿ ಸ್ವಾಮಿ. ಎಷ್ಟು ಜನ ಬರ್ತಾರೆ ಅಂತ ನನ್ನ ಕೈಗೆ ಗೊತ್ತು" ಅಂದರು. ಅವರ ಮಾತು ಪೂರ್ತಿ ಸುಳ್ಳಲ್ಲ. ಮಂಗಳವಾರ, ಬುಧವಾರ ಅವರ ಅಂದಾಜು ಚೆನ್ನಾಗಿಯೇ ಇರುತ್ತಿತ್ತು. ಶನಿವಾರ, ಹಬ್ಬದ ಹಿಂದುಮುಂದು, ಪರೀಕ್ಷೆ ಮುಗಿದ ದಿನ ಯಾವ ಕೈಗೂ ಗೊತ್ತಾಗೋದಿಲ್ಲ.

ಮೊದಲು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೇಳಿದೆ. ಎಂಬತ್ತೋ ತೊಂಬತ್ತೋ ಜನ ಉತ್ತರ ಕೊಟ್ಟರು, ಬಂದವರು 170. ಆಮೇಲೆ ಬಾಗಿಲಲ್ಲಿ ನೋಟ್‌ಬುಕ್ ಇಟ್ಟೆ. ಒಬ್ಬನೇ ಇಡೀ ಫ್ಲೋರಿನ ಸಹಿ ಹಾಕಿ ಹೋಗುತ್ತಿದ್ದ. ಎರಡೂ ಬಿಟ್ಟು ಅಕ್ಟೋಬರ್‌ನಲ್ಲಿ ಒಂದು ದೊಡ್ಡ ಹೆಜ್ಜೆ ಇಟ್ಟೆ. ಹೊತ್ತಿನ ಲೆಕ್ಕದಲ್ಲಿ ಕಟ್ ಕೊಡೋಣ, ಉಣ್ಣದ ಹೊತ್ತಿಗೆ ದುಡ್ಡಿಲ್ಲ ಅಂದೆ. ಹುಡುಗರು ಚಪ್ಪಾಳೆ ತಟ್ಟಿದರು. ತಿಂಗಳ ಕೊನೆಗೆ ದಿನದ ರೇಟು 88ರಿಂದ 94ಕ್ಕೆ ಏರಿ ಕೂತಿತು.

ಆ ರಾತ್ರಿಯ ಮೀಟಿಂಗ್ ನಾನು ಮರೆಯೋದಿಲ್ಲ. ಬೆಂಚು ಗುದ್ದಿದರು. ವಾರ್ಡನ್ ಸರ್ ಮೆಲ್ಲಗೆ, "ಹಳೇ ಪದ್ಧತಿಗೇ ಹೋಗಿಬಿಡಪ್ಪ" ಅಂದರು. ನಾನು ರೂಮಿಗೆ ಹೋಗಿ ರಾತ್ರಿ ಎರಡರವರೆಗೂ ಲೆಕ್ಕ ಹಾಕುತ್ತಾ ಕೂತೆ. ತಪ್ಪು ಸಿಕ್ಕಿತು. ಅಡುಗೆಯವರು, ಬಡಿಸುವವರು, ಪಾತ್ರೆಯವರು ಸೇರಿ ಏಳು ಜನರ ಸಂಬಳ, ದಿನಕ್ಕೆ ಒಂದರ ಮೇಲೆ ಹೋಗುವ 19 ಕೆ.ಜಿ. ಸಿಲಿಂಡರು, ಸೋಪು, ಪೊರಕೆ. ಇವೆಲ್ಲ ಸೇರಿ ತಿಂಗಳಿಗೆ ಸುಮಾರು 1,25,000. ಉಣ್ಣುವವರು ಕಮ್ಮಿ ಆದರೆ ಇದು ಕಮ್ಮಿ ಆಗೋದಿಲ್ಲ. ಊರಿಗೆ ಹೋದವನ ಪಾಲನ್ನು ಹಾಸ್ಟೆಲಿನಲ್ಲಿ ಉಳಿದವನು ಕೊಡುತ್ತಿದ್ದ.

ಬಿಲ್ಲನ್ನು ಎರಡು ತುಂಡು ಮಾಡಿದೆ. ಸಂಬಳ, ಗ್ಯಾಸು ಎಲ್ಲ ಖಾಯಂ ಖರ್ಚು: ಉಂಡರೂ ಬಿಟ್ಟರೂ ತಲೆಗೆ ಸಮ, ಸುಮಾರು 600. ಅಕ್ಕಿ, ಬೇಳೆ, ತರಕಾರಿ, ಹಾಲು ಮಾತ್ರ ಹೊತ್ತಿನ ಲೆಕ್ಕ. ಡಿವೈಡಿಂಗ್ ಮೆಸ್ಸಿನಲ್ಲಿ ಇದ್ದವರಿಗೆ ಇದಕ್ಕಿಂತ ಬಿಡಿಸಿ ಹೇಳಬೇಕಾಗಿಲ್ಲ. ಎಷ್ಟೋ ಸೆಕ್ರೆಟರಿಗಳು ಹೊತ್ತಿನ ಕಟ್ ತಂದು, ರೇಟು ಏರಿದ್ದಕ್ಕೆ ಹೆದರಿ ಬಿಟ್ಟಿದ್ದಾರೆ. ಅವರೆಲ್ಲ ಎಡವಿದ್ದು ಇಲ್ಲೇ.

ಇನ್ನು ಬಿಲ್ಲೆ. ಚಪ್ಪಲಿ ಸ್ಟ್ಯಾಂಡಿನಲ್ಲಿ ಕೊಡುತ್ತಾರಲ್ಲ, ಅಂಥ ಪ್ಲಾಸ್ಟಿಕ್ ಬಿಲ್ಲೆ. ತಿಂಡಿಗೆ ಹಳದಿ, ಮಧ್ಯಾಹ್ನಕ್ಕೆ ಬಿಳಿ, ರಾತ್ರಿಗೆ ಕೆಂಪು. 210 ಜನಕ್ಕೆ 630. ಹಳೇ ಪ್ಲೈವುಡ್ ಹಲಗೆಗೆ ರೂಮ್ ನಂಬರ್ ಬರೆದು ಮೊಳೆ ಹೊಡೆಸಿದೆವು. ಎಲ್ಲ ಸೇರಿ 2,500 ಆಗಿರಬಹುದು. ರಾತ್ರಿ ಊಟ ಮಾಡಿ ಹೋಗುವಾಗ ನಾಳೆ ಯಾವ ಯಾವ ಹೊತ್ತು ಉಣ್ಣುತ್ತೀಯೋ ಆ ಬಿಲ್ಲೆಗಳನ್ನು ಡಬ್ಬಕ್ಕೆ ಹಾಕಬೇಕು. ಒಂಬತ್ತೂವರೆಗೆ ಎಣಿಸಿ ಟ್ರೇಯಲ್ಲಿಟ್ಟು ಭಟ್ಟರಿಗೆ ಚೀಟಿ. ಮಾರನೇ ದಿನ ಉಣ್ಣುವಾಗ ನಿನ್ನ ಬಿಲ್ಲೆ ತೆಗೆದುಕೊಂಡು ಮೊಳೆಗೆ ಹಾಕು. ಟ್ರೇಯಲ್ಲಿ ಉಳಿದವು ಹೇಳಿ ಬಾರದವರ ಬಿಲ್ಲೆ. ಅವರಿಗೂ ದುಡ್ಡು ಬೀಳುತ್ತೆ.

ಮೊದಲು ಇದನ್ನು ಉಲ್ಟಾ ಮಾಡಿದ್ದೆ. ಉಣ್ಣದವನು ಬಿಲ್ಲೆ ಹಾಕಲಿ ಅಂದಿದ್ದೆ. ಊರಿಗೆ ಹೋಗುವ ಗಡಿಬಿಡಿಯಲ್ಲಿ ಯಾರು ನೆನಪಿಡುತ್ತಾರೆ? ಬಾಕ್ಸಿನಲ್ಲಿ ದಿನಾ ಹತ್ತೇ ಬಿಲ್ಲೆ. ಹಸಿವಾಗುವವನಿಗೆ ಮಾತ್ರ ನೆನಪಿರುತ್ತೆ. ಉಣ್ಣುವವನೇ ಹಾಕಲಿ ಅಂತ ತಿರುಗಿಸಿದ ವಾರದಿಂದ ಲೆಕ್ಕ ಸರಿಹೋಯಿತು. ಆದರೆ ಆ ವಾರವೇ ಒಂದು ಮಂಗಳವಾರ ರಾತ್ರಿ 38 ಜನ ಬಿಲ್ಲೆ ಹಾಕದೆ ಬಂದು ನಿಂತರು. ಅನ್ನ ಮುಗಿದಿತ್ತು. ನಾನು, ಭಟ್ಟರು, ಇನ್ನಿಬ್ಬರು ಹುಡುಗರು ಸೇರಿ ಒಂಬತ್ತು ಗಂಟೆಗೆ ಉಪ್ಪಿಟ್ಟು ಕೆದಕಿದೆವು. ಯಾರನ್ನೂ ಹಸಿದು ಮಲಗಿಸಲಿಲ್ಲ. ಬಿಲ್ಲೆ ಇಲ್ಲದವರಿಗೆ ಗೆಸ್ಟ್ ರೇಟು, ಊಟಕ್ಕೆ 40. ಎರಡು ವಾರದಲ್ಲಿ ಬಿಲ್ಲೆ ಮರೆಯುವವರು ಐದಾರು ಜನಕ್ಕೆ ಇಳಿದರು.

ಚೀಟಿಯಲ್ಲಿ ಬರೆದದ್ದಕ್ಕಿಂತ ಎಷ್ಟು ಜನಕ್ಕೆ ಜಾಸ್ತಿ ಅಕ್ಕಿ ಇಡಬೇಕು ಅನ್ನೋದಕ್ಕೆ ನನ್ನದೊಂದು ಲೆಕ್ಕ ಇದೆ. ವಾರದ ದಿನ, ಮಳೆ, ಕ್ರಿಕೆಟ್ ಮ್ಯಾಚು ಎಲ್ಲ ಅದರಲ್ಲಿ ಬರುತ್ತೆ. ಅದನ್ನು ನನ್ನ ನಂತರದ ಸೆಕ್ರೆಟರಿಗೆ ಬಿಟ್ಟು ಯಾರಿಗೂ ಕೊಟ್ಟಿಲ್ಲ, ಇಲ್ಲೂ ಬರೆಯೋದಿಲ್ಲ. ಭಟ್ಟರ ಸಾರಿನ ಪುಡಿ ಅಳತೆಯೂ ಅಷ್ಟೇ. ಅದು ಅವರ ಸೊತ್ತು.

ಡಿಸೆಂಬರ್ ಬಿಲ್ 2,310. ಬಕೆಟ್ಟಿನ ತೂಕ 20 ಕೆ.ಜಿ.ಗೆ ಬಂತು. ಎಲ್ಲರೂ ಖುಷಿಯಾಗಿದ್ದರು, ನಾನೂ ಬೀಗುತ್ತಿದ್ದೆ. ಆಗ ಹಳದಿ ಬಿಲ್ಲೆಗಳು ನನ್ನ ಕಣ್ಣಿಗೆ ಬಿದ್ದವು. ಎಂಟು ಹತ್ತು ಜನ ತಿಂಗಳಿಡೀ ತಿಂಡಿಗೆ ಬಿಲ್ಲೆಯನ್ನೇ ಹಾಕಿರಲಿಲ್ಲ. ನಿದ್ದೆ ಮಾಡುವವರಿರಬೇಕು ಅಂದುಕೊಂಡೆ. ಒಬ್ಬ ಹುಡುಗ ಬೆಳಿಗ್ಗೆ ಆರಕ್ಕೇ ಎದ್ದು ಓದುತ್ತಿದ್ದದ್ದು ನನಗೆ ಗೊತ್ತಿತ್ತು. ಅವನನ್ನು ಕೆರೆ ಕಡೆ ಕರೆದುಕೊಂಡು ಹೋಗಿ ಕೇಳಿದೆ. "ತಿಂಡಿ ಬಿಟ್ಟರೆ ತಿಂಗಳಿಗೆ ನಾನೂರು ಉಳೀತದಣ್ಣ. ಸ್ಕಾಲರ್‌ಶಿಪ್ ಇನ್ನೂ ಬಂದಿಲ್ಲ" ಅಂದ.

ನನಗೆ ಮಾತೇ ಹೊರಡಲಿಲ್ಲ. ಬಿಲ್ ಇಳಿಸುತ್ತೇನೆ ಅಂತ ಹೊರಟು ನಾನು ಹಸಿವಿಗೆ ಬೆಲೆ ಕಟ್ಟಿದ್ದೆ. ಈ ಊರಲ್ಲಿ ಓದಲು ಬಂದವರ ಊಟದ ಕಥೆ ಇವತ್ತಿನದಲ್ಲ. ಒಂದು ಕಾಲದಲ್ಲಿ ಬಡ ಹುಡುಗರು ವಾರಾನ್ನ ಮಾಡಿಕೊಂಡು ಓದಿದರು, ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಅನಾಥಾಲಯದಲ್ಲಿ ಉಂಡು ಓದಿದವರೂ ಎಷ್ಟೋ ಜನ. ಈ ವಿಶ್ವವಿದ್ಯಾನಿಲಯ ಶುರುವಾದದ್ದು 1916ರಲ್ಲಿ, ಆಗಲೇ ನೂರು ವರ್ಷ ದಾಟಿತ್ತು. ಈಗಲೂ ಒಬ್ಬ ಹುಡುಗ ಇಡ್ಲಿ ಬಿಟ್ಟು ಓದಬೇಕಾ?

ಜನವರಿಯಿಂದ ತಿಂಡಿಯನ್ನು ಖಾಯಂ ಖರ್ಚಿಗೆ ಸೇರಿಸಿದೆ. ತಿಂದರೂ ಬಿಟ್ಟರೂ ದುಡ್ಡು ಅಷ್ಟೇ. ಹಳದಿ ಬಿಲ್ಲೆ ಎಣಿಸಲು ಮಾತ್ರ. ವಾರವಾರ ಊರಿಗೆ ಹೋಗುವವರು ಸ್ವಲ್ಪ ಗೊಣಗಿದರು. ಕಾರಣ ಹೇಳಿದ ಮೇಲೆ ಒಬ್ಬರೂ ಎದುರು ಮಾತಾಡಲಿಲ್ಲ. ಹೆಸರು ಯಾರದೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ನಮ್ಮ ಹುಡುಗರ ಬಗ್ಗೆ ನನಗೆ ಇವತ್ತಿಗೂ ಹೆಮ್ಮೆ ಇರೋದು ಇದಕ್ಕೇ.

ಖಾಯಂ ಖರ್ಚು ತಲೆಗೆ ಸಾವಿರದ ಹತ್ತಿರ ಬಂತು. ಆದರೂ ಜನವರಿ ಬಿಲ್ 2,190ಕ್ಕೆ ಇಳಿಯಿತು. ಅದಕ್ಕೆ ಮುದ್ದೆ, ರೊಟ್ಟಿಯೇ ಕಾರಣ. ಮುದ್ದೆ ರಾತ್ರಿ ಅಕ್ಕಿ ಅರ್ಧ ಸಾಕು. ನೂರು ಜನಕ್ಕೆ ಒಂದೇ ಸಲ ತೊಳಸಲು ಹೋದರೆ ಗಂಟು ಕಟ್ಟುತ್ತೆ. ಎರಡು ಪಾತ್ರೆ, ಒಂದು ಸಲಕ್ಕೆ ನಲವತ್ತು ನಲವತ್ತು ಜನಕ್ಕೆ. ರೊಟ್ಟಿಯನ್ನು ನಾವು ತಟ್ಟಲು ಹೋಗಲಿಲ್ಲ. ವಿಜಯಪುರ ಕಡೆಯ ಒಬ್ಬ ಅಕ್ಕನವರು ಮನೆಯಲ್ಲೇ ಕಟಕ್ ರೊಟ್ಟಿ ಮಾಡುತ್ತಿದ್ದರು, ಒಂದಕ್ಕೆ 5 ರೂಪಾಯಿ. ಗುರುವಾರಕ್ಕೆ ನಾನೂರು. ಜೊತೆಗೆ ಶೇಂಗಾ ಚಟ್ನಿ, ಎಣ್ಣೆಗಾಯಿ. ಉತ್ತರ ಕರ್ನಾಟಕದವರಿಗೆ ಅಂತ ತಂದದ್ದು, ಮಂಡ್ಯದವರೇ ಮೊದಲು ಸಾಲಿನಲ್ಲಿ ನಿಲ್ಲುತ್ತಿದ್ದರು. ಕಲಬುರಗಿಯ ಗೆಳೆಯನೊಬ್ಬ ಅವರ ಊರಿನ ತೊಗರಿಬೇಳೆ ಎರಡು ಕೆ.ಜಿ. ತಂದು ಬೇಯಿಸಿ ತೋರಿಸಿದ. ಬೇಗ ಬೆಂದಿತು, ರುಚಿಯೂ ಬೇರೆ. ಬೆಲೆ ಸ್ವಲ್ಪ ಜಾಸ್ತಿ. ಹೋಳಿಗೆ ಮಾಡುವ ದಿನಕ್ಕೆ ಮಾತ್ರ ಅದನ್ನೇ ತರಿಸಿದೆವು.

ಅಕ್ಕಿಯನ್ನು ಕೆ.ಜಿ.ಗೆ ಮೂರು ನಾಲ್ಕು ರೂಪಾಯಿ ಜಾಸ್ತಿ ಕೊಟ್ಟು ಒಂದು ವರ್ಷ ಹಳೆಯದನ್ನೇ ತೆಗೆದುಕೊಂಡೆವು. ತರಕಾರಿಗೆ ವಾರಕ್ಕೆ ಎರಡು ಸಲ ಬೆಳಿಗ್ಗೆ ಐದೂವರೆಗೆ ಎಂ.ಜಿ. ರಸ್ತೆ ಮಾರ್ಕೆಟ್, ಲಗೇಜ್ ಆಟೊಗೆ 350. ಸಂಜೆ ಹೋದರೆ ಅಗ್ಗ, ನಿಜ. ಆದರೆ ಮೂರನೇ ದಿನಕ್ಕೆ ಟೊಮೆಟೊ ನೀರಾಗುತ್ತೆ.

ಮೊಸರು ನಾವೇ ಹೆಪ್ಪು ಹಾಕಿ ನೋಡಿದೆವು. ಲೀಟರಿಗೆ ನಾಲ್ಕೈದು ರೂಪಾಯಿ ಉಳಿಯಿತು. ಜನವರಿ ಚಳಿಗೆ ಎರಡು ದಿನ ಹೆಪ್ಪೇ ಕೂರಲಿಲ್ಲ. ಒಲೆ ಆರಿಸಿದ ಮೇಲೆ ಪಾತ್ರೆಯನ್ನು ಒಲೆಯ ಕಟ್ಟೆ ಮೇಲೇ ಗೋಣಿಚೀಲ ಹೊದಿಸಿ ಇಟ್ಟೆವು, ಗಟ್ಟಿಯಾಗಿ ಕೂತಿತು. ಗೊಬ್ಬರದ ಗುಂಡಿ ತೋಡಿದ್ದು ಮಾತ್ರ ಕೈಕೊಟ್ಟಿತು. ಹೆಗ್ಗಣ ಬಂದವು, ವಾಸನೆ ಬಂತು, ಮುಚ್ಚಿಸಿದೆವು. 1,100 ರೂಪಾಯಿ ಹೋಯಿತು. ಉಳಿದ ಮುಸುರೆಯನ್ನು ಹಸು ಸಾಕುವವರೊಬ್ಬರು ಬಂದು ಒಯ್ಯುತ್ತಿದ್ದರು.

ದಸರಾ ಬಗ್ಗೆ ಒಂದು ಮಾತು. ದಸರಾಕ್ಕೆ ಕಾಲೇಜು ಹುಡುಗರು ಹಾಡಿ ಕುಣಿಯುವ ಯುವ ಸಂಭ್ರಮ ನಮ್ಮ ಬಯಲು ರಂಗಮಂದಿರದಲ್ಲೇ ನಡೆಯುತ್ತೆ, ಊರಿನ ಗೆಳೆಯರೆಲ್ಲ ರೂಮಿಗೆ ಬಂದು ಉಳಿಯುತ್ತಾರೆ. ಆ ಅಕ್ಟೋಬರ್‌ನಲ್ಲಿ ರೇಟು 94ಕ್ಕೆ ಏರಿದ್ದರಲ್ಲಿ ಲೆಕ್ಕಕ್ಕೆ ಬಾರದ ಈ ಊಟಗಳ ಪಾಲೂ ಇತ್ತು. ಗೆಸ್ಟ್‌ಗಳನ್ನು ಬೇಡ ಅನ್ನಬೇಡಿ, ಹಬ್ಬಕ್ಕೆ ಬಂದವರು. ಮುಂದಿನ ವರ್ಷದ ಸೆಕ್ರೆಟರಿ ಹಸಿರು ಬಿಲ್ಲೆ ಮಾಡಿಸಿ 50 ರೂಪಾಯಿಗೆ ಕೊಟ್ಟ. ಹತ್ತು ದಿನದಲ್ಲಿ ಒಂಬತ್ತು ಸಾವಿರದಷ್ಟು ಬಂತಂತೆ.

ಫೆಬ್ರವರಿ 2,110, ಮಾರ್ಚ್ 2,080. ವಾರವಾರ ಊರಿಗೆ ಹೋಗುವವರಿಗೆ 1,800ರ ಆಸುಪಾಸು, ಎಲ್ಲ ಹೊತ್ತೂ ಉಂಡವರಿಗೆ 2,250. ಮುಸುರೆ 14 ಕೆ.ಜಿ. ಮಾರ್ಚ್ ಬಿಲ್ ಅಂಟಿಸಿದ ರಾತ್ರಿ ಭಟ್ಟರು ಚೀಟಿ ಕೇಳಲು ಅವರೇ ರೂಮಿನವರೆಗೆ ಬಂದರು. "ನಾಳೆಗೆ ಎಷ್ಟು ಸ್ವಾಮಿ?" 163 ಅಂದೆ. "ಶನಿವಾರ ಅಲ್ವಾ, ನನ್ನ ಕೈ 160 ಅಂತಿತ್ತು" ಅಂದರು.

ಜೂನ್‌ನಲ್ಲಿ ಮುಂದಿನವನಿಗೆ ವಹಿಸಿಕೊಟ್ಟೆ. ತೂಕದ ಮೆಷಿನ್, ಎರಡು ನೋಟ್‌ಬುಕ್, ಹಲಗೆ, 614 ಬಿಲ್ಲೆ. ಹದಿನಾರು ಕಳೆದಿದ್ದವು. ಹಳದಿಯಲ್ಲಿ ಒಂದೂ ಕಳೆದಿರಲಿಲ್ಲ.