ಪಿಟ್ಸ್‌ಬರ್ಗಿನಲ್ಲಿ ಕಾರಿಲ್ಲದ ಸಂಸಾರ: ನನ್ನ ಅನುಭವ

ಪಿಟ್ಸ್‌ಬರ್ಗಿನಲ್ಲಿ ನಾವು ಮನೆ ಹುಡುಕಿದ್ದು ಬಸ್ ನಂಬರ್ ನೋಡಿಕೊಂಡು. ಬಾಡಿಗೆ, ಬೆಡ್‌ರೂಮ್, ಬಾಲ್ಕನಿ ಎಲ್ಲ ಆಮೇಲೆ. ಅಮೆರಿಕದಲ್ಲಿ ಕಾರಿಲ್ಲದೆ ಹೇಗಪ್ಪಾ ಇರುತ್ತೀರಿ ಎಂದು ಕೇಳಿದವರಿಗೆಲ್ಲ ನಾನು ಮೊದಲು ಹೇಳುವುದು ಇದನ್ನೇ. ಕಾರು ಬೇಕೋ ಬೇಡವೋ ಅನ್ನೋದು ಬಾಡಿಗೆ ಕರಾರಿಗೆ ಸಹಿ ಹಾಕಿದ ದಿನವೇ ತೀರ್ಮಾನ ಆಗಿಬಿಡುತ್ತದೆ.

ಪಿಟ್ಸ್‌ಬರ್ಗ್ ದೊಡ್ಡ ಊರೇನಲ್ಲ. ಊರಿನ ಗಡಿಯೊಳಗೆ ಸುಮಾರು 3 ಲಕ್ಷ ಜನ ಇದ್ದಾರೆ. ಎರಡು ನದಿ ಸೇರಿ ಓಹಾಯೋ ನದಿ ಹುಟ್ಟುವ ಜಾಗ, ಸುತ್ತ ಬರೀ ಗುಡ್ಡ, ಎತ್ತ ನೋಡಿದರೂ ಸೇತುವೆ. ಇಲ್ಲಿನ ಹಳೇ ಬಡಾವಣೆಗಳು ಟ್ರಾಮ್ ಓಡುತ್ತಿದ್ದ ಕಾಲದಲ್ಲಿ ಬೆಳೆದವು. ಆಗ ಜನ ನಡೆದು ಹೋಗಿ ಟ್ರಾಮ್ ಹತ್ತುತ್ತಿದ್ದರು, ಹಾಗಾಗಿ ಅಂಗಡಿ, ಲೈಬ್ರರಿ, ಡಾಕ್ಟರ್ ಎಲ್ಲ ಅದೇ ರಸ್ತೆಯಲ್ಲಿ ಬಂದವು. ಟ್ರಾಮ್ ಹೋಯಿತು, ಆ ರಸ್ತೆಗಳು ಉಳಿದವು. ನಮ್ಮಂಥವರ ಬದುಕು ನಡೆಯುತ್ತಿರುವುದು ಆ ಹಳೇ ರಸ್ತೆಗಳ ಮೇಲೆ.

ನಾವಿರುವುದು ಸ್ಕ್ವಿರಲ್ ಹಿಲ್‌ನಲ್ಲಿ, ಫೋರ್ಬ್ಸ್ ಮತ್ತು ಮರ್ರೆ ಅವೆನ್ಯೂ ಕೂಡುವ ಜಾಗಕ್ಕೆ ಹತ್ತಿರ. 61ಎ, 61ಬಿ, 61ಸಿ, 61ಡಿ ನಾಲ್ಕೂ ಇಲ್ಲಿಂದ ಯೂನಿವರ್ಸಿಟಿಗಳಿರುವ ಓಕ್‌ಲ್ಯಾಂಡ್ ಬಡಾವಣೆ ಮೂಲಕ ಡೌನ್‌ಟೌನಿಗೆ ಹೋಗುತ್ತವೆ. ಒಂದೊಂದನ್ನೇ ನೋಡಿದರೆ ಕಾಯುವುದು ಜಾಸ್ತಿ ಅನಿಸುತ್ತದೆ. ಆದರೆ ಓಕ್‌ಲ್ಯಾಂಡ್ ಕಡೆ ಹೋಗುವವರಿಗೆ ಯಾವುದು ಬಂದರೂ ಆಯಿತು. ಇಂಥ ಒಂದೇ ದಾರಿಯಲ್ಲಿ ಹಲವು ಬಸ್ ಓಡುವ ಜಾಗವನ್ನೇ ಹುಡುಕಬೇಕು. ಮನೆ ಎದುರೇ ಸ್ಟಾಪ್ ಇದೆ ಎಂದು ಮನೆ ತೋರಿಸುವವರು ಹೇಳುತ್ತಾರೆ. ಗಂಟೆಗೊಂದು ಬಸ್ ಬರುವ ಸ್ಟಾಪ್ ಮನೆ ಎದುರಿದ್ದರೂ ಸುಮ್ನೆ. ಐದು ನಿಮಿಷ ನಡೆದು ಹೋದರೂ ಪರವಾಗಿಲ್ಲ, ಬಸ್ ಬೇಗ ಬೇಗ ಬರಬೇಕು.

ಮನೆ ಒಪ್ಪುವ ಮೊದಲು ನಾವು ಭಾನುವಾರ ಸಂಜೆ ಆ ಸ್ಟಾಪಿಗೆ ಹೋಗಿ ನಿಂತೆವು. ವಾರದ ದಿನ ಬೆಳಿಗ್ಗೆ ಎಲ್ಲ ಕಡೆಯೂ ಬಸ್ ಇರುತ್ತದೆ. ಭಾನುವಾರ ಸಂಜೆ ಏಳಕ್ಕೂ ಬಸ್ ಬರುತ್ತದೆ ಅಂದರೆ ಆ ಜಾಗದಲ್ಲಿ ಕಾರಿಲ್ಲದೆ ಇರಬಹುದು.

ಒಂದೇ ನಂಬರ್ ನಂಬಿಕೊಂಡು ಮನೆ ಹಿಡಿಯಬೇಡಿ ಎನ್ನಲು ಇನ್ನೊಂದು ಕಾರಣ ಇದೆ. 2022ರ ಜನವರಿ 28ರಂದು ಇಲ್ಲಿನ ಫ್ರಿಕ್ ಪಾರ್ಕಿನ ಫರ್ನ್ ಹಾಲೋ ಸೇತುವೆ ಬೆಳಗಿನ ಜಾವ ಕುಸಿದು ಕಣಿವೆಗೆ ಬಿತ್ತು. ಮೇಲೆ 61ಬಿ ಬಸ್ ಇತ್ತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಹೊಸ ಸೇತುವೆ ಆ ವರ್ಷದ ಕೊನೆಗೆ ತೆರೆಯುವ ತನಕ 61ಎ, 61ಬಿ ಎರಡೂ ಸುತ್ತಿ ಹೋಗಬೇಕಾಯಿತು. 61ಸಿ, 61ಡಿ ಅದಕ್ಕೆ ಮೊದಲೇ ಮರ್ರೆ ಅವೆನ್ಯೂಗೆ ತಿರುಗುತ್ತವೆ, ಅವುಗಳಿಗೆ ಏನೂ ಆಗಲಿಲ್ಲ.

ಇನ್ನು ದುಡ್ಡಿನ ಮಾತು, 2025ರ ದರದ ಪ್ರಕಾರ. ಒಂದು ಟಿಕೆಟ್‌ಗೆ 2.75 ಡಾಲರ್. ಕನೆಕ್ಟ್‌ಕಾರ್ಡ್ ಎಂಬ ಬಸ್ ಕಾರ್ಡ್‌ನಲ್ಲಿ ಕೊಟ್ಟರೆ 3 ಗಂಟೆ ಎಷ್ಟು ಬಸ್ ಬೇಕಾದರೂ ಬದಲಾಯಿಸಬಹುದು. ತಿಂಗಳ ಪಾಸ್ 97.50 ಡಾಲರ್. 5 ವರ್ಷದ ತನಕ ಮಕ್ಕಳಿಗೆ ಟಿಕೆಟ್ ಇಲ್ಲ. ಕಾರ್ನೆಗಿ ಮೆಲನ್, ಪಿಟ್ ಎರಡು ಯೂನಿವರ್ಸಿಟಿಯವರಿಗೂ ಐಡಿ ಕಾರ್ಡೇ ಪಾಸ್, ಓದಲು ಬರುವವರು ಇದನ್ನು ಮೊದಲ ದಿನವೇ ತಿಳಿದಿರಬೇಕು. ಏರ್‌ಪೋರ್ಟಿಗೆ 28ಎಕ್ಸ್ ಹೋಗುತ್ತದೆ, ಅದಕ್ಕೂ ಅದೇ 2.75. ಹೊಸ ಕಾರು ಇಟ್ಟುಕೊಂಡರೆ ಸಾಲದ ಬಡ್ಡಿ, ಇನ್ಶೂರೆನ್ಸ್, ಪೆಟ್ರೋಲ್, ಸವಕಳಿ ಎಲ್ಲ ಸೇರಿ ವರ್ಷಕ್ಕೆ 12,000 ಡಾಲರಿಗೂ ಜಾಸ್ತಿ ಎಂದು ಅಮೆರಿಕದ ವಾಹನ ಸಂಘ ಎಎಎ 2024ರಲ್ಲಿ ಲೆಕ್ಕ ಕೊಟ್ಟಿತ್ತು. ಆ ದುಡ್ಡಿನಲ್ಲಿ ಒಂದು ಪಾಲು ನಾವು ಬಾಡಿಗೆಗೆ ಹಾಕುತ್ತೇವೆ. ಬಸ್ ಚೆನ್ನಾಗಿರುವ ಕಡೆ ಬಾಡಿಗೆ ಜಾಸ್ತಿಯೇ ಇರುತ್ತದೆ, ಅದನ್ನು ಮುಚ್ಚಿಡಬಾರದು.

ದಿನಸಿ ತರುವುದು ಕಷ್ಟ ಎಂದು ಎಲ್ಲರೂ ಅಂದುಕೊಂಡಿದ್ದಾರೆ. ತರಕಾರಿ, ಹಾಲು, ಮೊಸರು ಮರ್ರೆ ಅವೆನ್ಯೂನಲ್ಲೇ ಸಿಗುತ್ತವೆ, ಆಫೀಸಿನಿಂದ ಬರುವಾಗ ಒಂದು ಚೀಲ ಹಿಡಿದು ಬಂದರಾಯಿತು. ದೊಡ್ಡ ಸಾಮಾನಿಗೆ 64 ನಂಬರ್ ಬಸ್ ಹಿಡಿದು ಹೋಮ್‌ಸ್ಟೆಡ್‌ನ ವಾಟರ್‌ಫ್ರಂಟ್‌ಗೆ ಹೋಗುತ್ತೇವೆ. ಉದ್ಯಮಿ ಆಂಡ್ರ್ಯೂ ಕಾರ್ನೆಗಿಯ ಹೋಮ್‌ಸ್ಟೆಡ್ ಉಕ್ಕಿನ ಕಾರ್ಖಾನೆ ಇದ್ದ ಜಾಗ ಅದು, 1892ರ ದೊಡ್ಡ ಕಾರ್ಮಿಕ ಮುಷ್ಕರ ಆಗಿದ್ದೂ ಅಲ್ಲೇ. ಹನ್ನೆರಡು ಹೊಗೆಗೂಡು ಇವತ್ತಿಗೂ ಸಾಲಾಗಿ ನಿಂತಿವೆ. ನೋಡಿದಾಗೆಲ್ಲ ನನಗೆ ಭದ್ರಾವತಿ ನೆನಪಾಗುತ್ತದೆ.

20 ಪೌಂಡ್ ಸೋನಾಮಸೂರಿ ಚೀಲಕ್ಕೆ ಮಾತ್ರ ಗಾಡಿ ಬೇಕು. ಮಡಚುವ, ಎರಡು ದೊಡ್ಡ ಚಕ್ರದ ಗಾಡಿ ತಗೊಳ್ಳಿ. ಸಣ್ಣ ಚಕ್ರದವು ಇಲ್ಲಿನ ಒಡೆದ ಫುಟ್‌ಪಾತ್‌ನಲ್ಲಿ ಸಿಕ್ಕಿಕೊಳ್ಳುತ್ತವೆ. ಅಕ್ಕಿ ತಳದಲ್ಲಿ, ಬೇಳೆ ಅದರ ಮೇಲೆ, ಕೊತ್ತಂಬರಿ ಕೊನೆಗೆ. ಬಸ್ ಬಂದಾಗ ರ‍್ಯಾಂಪ್ ಹಾಕಿ ಎಂದು ಡ್ರೈವರ್‌ಗೆ ಕೇಳಿದರೆ ಹಾಕುತ್ತಾರೆ, ಸಂಕೋಚ ಬೇಡ. ಇಳಿಯುವಾಗ ಇಲ್ಲಿ ಎಲ್ಲರೂ ಡ್ರೈವರ್‌ಗೆ ಥ್ಯಾಂಕ್ಸ್ ಹೇಳಿಯೇ ಇಳಿಯುತ್ತಾರೆ. ನನಗೆ ಈ ಊರಿನಲ್ಲಿ ತುಂಬಾ ಇಷ್ಟವಾದ ಪದ್ಧತಿ ಅದು.

ಸೈಕಲ್ ಇದ್ದರೆ ಇಳಿಜಾರಿನಲ್ಲಿ ತುಳಿಯಿರಿ, ಏರಿನಲ್ಲಿ ಬಸ್ಸಿಗೆ ಹಾಕಿ. ಬಸ್ಸಿನ ಮುಂದೆ ಮಡಚಿದ ಕಬ್ಬಿಣದ ರ‍್ಯಾಕ್ ಇರುತ್ತದೆ. ಹಿಡಿಕೆ ಒತ್ತಿ ಕೆಳಗೆಳೆಯಿರಿ, ಎರಡೂ ಚಕ್ರ ಗುಂಡಿಯಲ್ಲಿ ಕೂರಿಸಿ, ಸ್ಪ್ರಿಂಗ್ ಇರುವ ಕೊಕ್ಕೆಯನ್ನು ಮುಂದಿನ ಚಕ್ರದ ಮೇಲೆ ಎಳೆದು ಬಿಡಿ. ಇಳಿಯುವ ಮೊದಲು ಸೈಕಲ್ ತೆಗೆಯಬೇಕು ಎಂದು ಡ್ರೈವರ್‌ಗೆ ಹೇಳಿ.

ಚಳಿಗಾಲದಲ್ಲಿ ಚಳಿಗಿಂತ ಜಾರುವ ಭಯವೇ ಜಾಸ್ತಿ. ಮನೆ ಮುಂದಿನ ಫುಟ್‌ಪಾತ್‌ನ ಹಿಮ ಆಯಾ ಮನೆಯವರೇ ತೆಗೆಯಬೇಕು. ಒಬ್ಬರು ತೆಗೆಯುತ್ತಾರೆ, ಪಕ್ಕದವರು ತೆಗೆಯಲ್ಲ. ರಾತ್ರಿ ಅದು ಗಾಜಿನಂತೆ ಗಟ್ಟಿಯಾಗುತ್ತದೆ. ಬೂಟಿನ ತಳಕ್ಕೆ ಹಾಕುವ ಮುಳ್ಳಿನ ಪಟ್ಟಿಗೆ ದುಡ್ಡು ಖರ್ಚು ಮಾಡಿ, ದುಬಾರಿ ಜಾಕೆಟ್ ಆಮೇಲೆ ನೋಡಿಕೊಳ್ಳಬಹುದು. ಜೋರು ಹಿಮ ಬಿದ್ದ ದಿನ ಕಡಿದಾದ ರಸ್ತೆಗೆ ಬಸ್ ಹತ್ತುವುದಿಲ್ಲ, ಸುತ್ತಿ ಹೋಗುತ್ತದೆ. ಮನೆಯಿಂದ ಹೊರಡುವ ಮೊದಲು ಫೋನಿನಲ್ಲಿ ಬಸ್ ಎಲ್ಲಿದೆ ಎಂದು ನೋಡಿಯೇ ಚಪ್ಪಲಿ ಬಿಡುವ ಜಾಗಕ್ಕೆ ಹೋಗುವುದು ನಮ್ಮ ಮನೆಯ ರೂಢಿ.

ಅಪ್ಪ ಅಮ್ಮ ಬಂದಾಗ ನನಗೆ ಈ ಬದುಕಿನ ಬೆಲೆ ಸರಿಯಾಗಿ ಗೊತ್ತಾಯಿತು. ಊರಾಚೆಯ ದೊಡ್ಡ ಮನೆಗಳಿಗೆ ಬರುವ ಎಷ್ಟೋ ಹಿರಿಯರು ಆರು ತಿಂಗಳು ಕಿಟಕಿ ನೋಡುತ್ತಾ ಕೂರುತ್ತಾರೆ. ಮಗ ಕೆಲಸ ಮುಗಿಸಿ ಬಂದು ಕಾರು ತೆಗೆದರೆ ಉಂಟು, ಇಲ್ಲದಿದ್ದರೆ ಇಲ್ಲ. ನಮ್ಮ ಅಪ್ಪ ಬಂದ ಮೊದಲ ವಾರವೇ ಫೋರ್ಬ್ಸ್–ಮರ್ರೆ ಮೂಲೆಯ ಕಾರ್ನೆಗಿ ಲೈಬ್ರರಿಗೆ ಒಬ್ಬರೇ ಹೋಗಿ ಬರಲು ಶುರು ಮಾಡಿದರು. ಆಮೇಲೆ 61ಡಿ ಹತ್ತಿ ಡೌನ್‌ಟೌನಿಗೆ. ಅಲ್ಲಿಂದ ನದಿ ಕೆಳಗಿನ ಸುರಂಗದಲ್ಲಿ ನಾರ್ತ್ ಶೋರ್‌ಗೆ ಹೋಗುವ ರೈಲು ಪುಕ್ಕಟೆ, ಅದರಲ್ಲಿ ಹೋಗಿ ನದಿ ದಡದಲ್ಲಿ ಕೂತು ಬರುತ್ತಿದ್ದರು. ಕೇಬಲ್ ಎಳೆದು ಗುಡ್ಡ ಹತ್ತಿಸುವ ರೈಲು, 1870ರ ಮೊನಾಂಗಹೇಲಾ ಇನ್‌ಕ್ಲೈನ್ ಇವತ್ತಿಗೂ ಓಡುತ್ತಿದೆ, ಬಸ್ ಕಾರ್ಡೇ ಅದಕ್ಕೂ ಆಗುತ್ತದೆ. ಅಮ್ಮ ಅದರಲ್ಲಿ ಕೂತು ಇಳಿದವರು ಇನ್ನೊಂದು ಸಲ ಎಂದರು. ರಾತ್ರಿ ಊಟಕ್ಕೆ ಕೂತಾಗ ಅಪ್ಪ ನಮಗೆ ಊರಿನ ಸುದ್ದಿ ಹೇಳುತ್ತಿದ್ದರು, ಯಾವ ರಸ್ತೆ ಅಗೆದಿದ್ದಾರೆ, ಯಾವ ಅಂಗಡಿ ಮುಚ್ಚಿತು ಎಂದು.

ಆಗದ ಕಡೆಯೂ ಇದೆ. ಕನ್ನಡದವರು ಜಾಸ್ತಿ ಇರುವುದು ಕ್ರ್ಯಾನ್‌ಬೆರಿ, ರಾಬಿನ್ಸನ್, ಮನ್ರೋವಿಲ್‌ನಂಥ ಹೊರಬಡಾವಣೆಗಳಲ್ಲಿ. ಹಬ್ಬದ ಕಾರ್ಯಕ್ರಮ ಮುಗಿದು ರಾತ್ರಿ ಅಲ್ಲಿಂದ ಬಸ್ಸಲ್ಲಿ ಬರುವ ಮಾತೇ ಇಲ್ಲ. ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನ ಗುಡ್ಡದ ಮೇಲಿದೆ, ಪುಟ್ಟ ಮಗು ಕರೆದುಕೊಂಡು ಹೋಗುವಾಗ ನಾವು ಸ್ನೇಹಿತರ ಕಾರು ಸೇರಿಕೊಳ್ಳುತ್ತೇವೆ. ಪೆಟ್ರೋಲ್ ದುಡ್ಡನ್ನು ಹಟ ಮಾಡಿ ಕೊಡುತ್ತೇವೆ. ಒಹಾಯೋಪೈಲ್ ಕಾಡಿಗೆ ಹೋಗಬೇಕೆನಿಸಿದರೆ ಕಾರು ಬಾಡಿಗೆಗೆ ತಗೊಳ್ಳುತ್ತೇವೆ. ಅದಕ್ಕಾಗಿ ಲೈಸೆನ್ಸ್ ಇಟ್ಟುಕೊಂಡಿದ್ದೇನೆ.

ನನಗಿರುವ ನಿಜವಾದ ಆತಂಕ ಬೇರೆ. 2025ರಲ್ಲಿ ಬಸ್ ಸಂಸ್ಥೆಗೆ ದುಡ್ಡು ಸಾಲದೆ ಶೇ 35ರಷ್ಟು ಸೇವೆ ಕಡಿತ, 41 ಮಾರ್ಗ ರದ್ದು ಎಂಬ ಪ್ರಸ್ತಾಪ ಬಂತು. ಜನರ ಅಭಿಪ್ರಾಯ ಕೇಳುವ ಸಭೆಗೆ ನಾನೂ ಹೋಗಿದ್ದೆ. ಗಾಲಿಕುರ್ಚಿಯಲ್ಲಿ ಬಂದವರು, ರಾತ್ರಿ ಪಾಳಿ ಮುಗಿಸಿ ನೇರ ಬಂದ ಆಸ್ಪತ್ರೆ ಕೆಲಸದವರು, ಕಾಲೇಜು ಹುಡುಗರು, ಎಲ್ಲರೂ ಒಬ್ಬೊಬ್ಬರಾಗಿ ಎದ್ದು ತಮ್ಮ ಬಸ್ ನಂಬರ್ ಹೇಳಿ ಮಾತು ಶುರು ಮಾಡುತ್ತಿದ್ದರು. ಕೊನೆಗೆ ಬಂಡವಾಳ ಕೆಲಸಕ್ಕೆಂದು ಇಟ್ಟಿದ್ದ ರಾಜ್ಯದ ದುಡ್ಡನ್ನು ಬಸ್ ಓಡಿಸುವ ಖರ್ಚಿಗೆ ಬಳಸಲು ಒಪ್ಪಿಗೆ ಸಿಕ್ಕಿತು. ಕಡಿತ ನಿಂತಿತು, ಆದರೆ ಸುಮಾರು ಎರಡು ವರ್ಷದ ಮಟ್ಟಿಗೆ ಮಾತ್ರ. ಶಾಶ್ವತ ದುಡ್ಡು ರಾಜ್ಯದ ರಾಜಧಾನಿ ಹ್ಯಾರಿಸ್‌ಬರ್ಗಿನ ಶಾಸನಸಭೆಯಿಂದಲೇ ಬರಬೇಕು. ವೀಸಾದಲ್ಲಿರುವ ನಮಗೆ ವೋಟಿಲ್ಲ, ನಿಜ. ಆದರೆ ಆ ಸಭೆಯಲ್ಲಿ ಮಾತಾಡಲು ಯಾರೂ ಪಾಸ್‌ಪೋರ್ಟ್ ಕೇಳಲಿಲ್ಲ. ಮುಂದಿನ ಸಭೆ ಕರೆದಾಗ ಇಲ್ಲಿ ಬಸ್ ಹತ್ತುವ ಕನ್ನಡದವರು ನಾಲ್ಕು ಜನ ನನ್ನ ಜತೆ ಬನ್ನಿ, ನಿಮ್ಮ ಬಸ್ ನಂಬರ್ ಹೇಳಿ.